ನಲ್ಲಿಕಟ್ಟೆಯ ಏಟು

ಬೀದಿ ನಲ್ಲಿಯಲ್ಲಿ ಎರಡನೇ ಕೊಡ ತುಂಬುತ್ತಿದ್ದ ಇಪ್ಪತ್ತೆರಡರ ಚಿಕ್ಕಸ್ವಾಮಿಯ ಬಾಯಿಗೆ ಕೆಂಪರಾಜನ ಗುದ್ದು ಬಿತ್ತು.

"ದಿನಾ ನನ್ನ ಹೆಂಡ್ತೀನೇ ದುರುಗುಟ್ಕೊಂಡು ನೋಡ್ತೀಯೇನ್ಲಾ?"

ಕೆಂಪರಾಜನ ಹೆಂಡತಿಯೂ, ಅವಳ ಮಗ್ಗುಲಲ್ಲೇ ಅವನ ತಂಗಿ ಶಿವಮಲ್ಲಿಯೂ ಕೊಡ ಹಿಡಿದು ನಿಂತಿದ್ದರು. ಒಂದು ಮಾತು ಹೇಳಿದ್ದರೆ ಚಿಕ್ಕಸ್ವಾಮಿ ಉಳಿಯುತ್ತಿದ್ದ. ಆದರೆ ಏಟು ಬೇರೊಬ್ಬರ ಬೆನ್ನಿಗೆ ತಿರುಗುತ್ತಿತ್ತು. ಅವನು ತುಟಿ ಬಿಚ್ಚಲಿಲ್ಲ. ಪಕ್ಕೆಗೆ ಒದೆ ಬಿತ್ತು, ಹಲ್ಲೊಂದು ಕಿತ್ತು ಚರಂಡಿ ಸೇರಿತು.

ತಾಯಿ ಓಡಿಬಂದು ಮಗನ ಮೇಲೆ ಕವುಚಿಕೊಂಡಳು. "ಬಿಡಪ್ಪಾ! ಆರು ವರ್ಷದಿಂದ ಕಣ್ಣಿನ ಕಾಯಿಲೆ ಇವನಿಗೆ. ನೆಟ್ಟಗೆ ನೋಡಿದ್ದೆಲ್ಲ ಕಪ್ಪು ಮಚ್ಚೆ, ಪಕ್ಕದಲ್ಲಿರೋದು ಮಾತ್ರ ಕಾಣ್ತದೆ. ನಿನ್ನ ಹೆಂಡ್ತಿ ಮೊಕ ಹೆಂಗದೆ ಅಂತ್ಲೂ ಗೊತ್ತಿಲ್ಲ!"

ಅವಳ ಬಾಯಿ ಮುಚ್ಚಲು ಚಿಕ್ಕಸ್ವಾಮಿ ಕೈಯೆತ್ತಿದ, ಆಗಲಿಲ್ಲ.

ಕೆಂಪರಾಜ ಪೆಚ್ಚಾದ. "ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?" ಎನ್ನುತ್ತಾ ತಾನೇ ಎಬ್ಬಿಸಿ ಕೂರಿಸಿ, ತಂಗಿಯ ಕೊಡದಿಂದ ನೀರು ಬಗ್ಗಿಸಿ ರಕ್ತ ತೊಳೆದ.

ಕಣ್ಣಿನ ವಿಷಯ ಬರೆಯಲಾರದೆ ಆರು ತಿಂಗಳಿಂದ ಜೇಬಿನಲ್ಲೇ ಮಾಸುತ್ತಿದ್ದ ಕಾಗದವನ್ನು ಚಿಕ್ಕಸ್ವಾಮಿ ಮಾರನೆಯ ದಿನ ಅಂಚೆ ಡಬ್ಬಿಗೆ ಹಾಕಿದ. ಲಕೋಟೆಯ ಮೇಲೆ ಹೊಲಿಗೆ ಶಾಲೆಯ ವಿಳಾಸವೂ, ದಪ್ಪ ದಪ್ಪ ಅಕ್ಷರದಲ್ಲಿ ಶಿವಮಲ್ಲಿಯ ಹೆಸರೂ ಇದ್ದವು.