ಅಕ್ಕ ಒಪ್ತಾ ಇಲ್ಲ

ಹನ್ನೊಂದನೇ ಸಲ ತಿದ್ದಿದ ಹಾಳೆಯನ್ನು ಕುಜ್ಮಾನ್ ಮೇಷ್ಟ್ರು ಮೂಗಿನ ಹತ್ತಿರ ಹಿಡಿದು ಓದಿದರು. ಯಾರೋ ಹೇಳುವುದನ್ನು ಕೇಳುವವರಂತೆ ತಲೆಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ಸಿಲ್ ಹೊರಗೆ ಬಂತು.

“ಅಕ್ಕ ಒಪ್ತಾ ಇಲ್ಲ ಕಣಮ್ಮ. ‘ಪ್ರೀತಿಯ ತಮ್ಮ’ ಅಂತ ಯಾಕೆ ಹಾಕಿದ್ದು, ಪ್ರೀತೀನ ಬರೆದು ತೋರಿಸಬೇಕಾ ಅಂತಾಳೆ.”

ಮೇಷ್ಟ್ರ ಅಕ್ಕ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಲೋಮ್ ಊರಿನವರು ಸತ್ತವರನ್ನು ಅಷ್ಟು ಸುಲಭಕ್ಕೆ ಬಿಡುವ ಪೈಕಿಯಲ್ಲ. ಸತ್ತ ದಿನ, ನಲವತ್ತನೇ ದಿನ, ಆರು ತಿಂಗಳು, ಆಮೇಲೆ ವರ್ಷ ವರ್ಷವೂ ಫೋಟೋ ಹಾಕಿದ ಕಪ್ಪಂಚಿನ ಹಾಳೆಯನ್ನು ಮನೆ ಬಾಗಿಲಿಗೆ, ಲೈಟು ಕಂಬಕ್ಕೆ, ಚೌಕದ ಮರಗಳಿಗೆ ಅಂಟಿಸಲೇಬೇಕು. ಆ ಹಾಳೆಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ನೆವ್ಯಾನಾಳ ಕಸುಬು. ಬೇರೆ ಒಂದೊಂದು ಮನೆಯಿಂದ ವರ್ಷಕ್ಕೆ ಒಂದೋ ಎರಡೋ ಹಾಳೆ ಬರುತ್ತಿತ್ತು. ಮೇಷ್ಟ್ರ ಮನೆಯಲ್ಲಿ ಸತ್ತವರೇ ಹದಿನಾಲ್ಕು ಜನ, ಹದಿನಾಲ್ಕು ಜನಕ್ಕೂ ಒಂದೊಂದು ತಕರಾರು. ದೊಡ್ಡಪ್ಪನಿಗೆ ಫೋಟೋದಲ್ಲಿನ ಕೋಟು ಹಿಡಿಸಲಿಲ್ಲ, ಹೆಂಡತಿಗೆ ಅಕ್ಷರ ದಪ್ಪವಾಯಿತು. ಮೇಷ್ಟ್ರು ಇವಳ ಕುರ್ಚಿಯ ಹಿಂದೆ ನಿಂತು ಎಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು.

ಮೊದಮೊದಲು ನೆವ್ಯಾನಾಳಿಗೆ ನಗು ಬರುತ್ತಿತ್ತು. ಒಮ್ಮೆ ದೊಡ್ಡಪ್ಪ ತನ್ನ ಹುಟ್ಟಿದ ದಿನವೇ ತಪ್ಪು ಅಂದನಂತೆ. ಹಟಕ್ಕೆ ಬಿದ್ದು ಹಳೇ ದಾಖಲೆ ತೆಗೆಸಿ ನೋಡಿದಳು. ತಪ್ಪಾಗಿತ್ತು. ಅವತ್ತಿನಿಂದ ಮೇಷ್ಟ್ರು ಬಾಗಿಲು ತಟ್ಟಿದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಸರಿ, ಬಿಟ್ಟುಬಿಡೋಣ ಅಂದರೆ ಹೇಗೆ ಬಿಡುವುದು? ಅವಳೂ ಸೇರಿ ಅರ್ಧ ಊರಿಗೆ ಅಕ್ಷರ ಕಲಿಸಿದ ಮನುಷ್ಯ. ದಿನಾ ಬೆಳಿಗ್ಗೆ ಚೌಕದ ಕಾಫಿ ಅಂಗಡಿಯಲ್ಲಿ ಹಾಜರು. ಅಲ್ಲಿ ಅವರು ಒಂದು ಸಲ ಮೂಗು ಮುರಿದರೆ ಸಾಕು, ಇವಳ ಬಾಗಿಲಿಗೆ ಇನ್ನೊಬ್ಬರು ಬರುತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಅವಳು ಸಂಪಾದಿಸಿದ್ದು ಒಳ್ಳೆ ಹೆಸರು ಒಂದೇ. ಅದನ್ನು ಕಳೆದುಕೊಳ್ಳುವ ಭಯಕ್ಕೆ ಮೂರು ದಿನ ಕೂತು ಪತ್ರ ಬರೆದಳು. ದೂರು ಒಂದೂ ಇರಲಿಲ್ಲ. ತನಗೇ ಕೈ ಸಾಲುತ್ತಿಲ್ಲ, ಹಿಡಿದ ಕೆಲಸ ಮುಗಿಸಿದ್ದೇನೆ, ಇಷ್ಟು ವರ್ಷ ನಂಬಿದ್ದಕ್ಕೆ ಋಣಿ, ಮುಂದಿನ ಕೆಲಸಕ್ಕೆ ಬಿಸೆರಾ ಅಂತ ತಾಳ್ಮೆಯ ಹುಡುಗಿ ಇದ್ದಾಳೆ ಎಂದೆಲ್ಲ ಬರೆದಿದ್ದಳು. ಆ ಪತ್ರವನ್ನು ಈಗ ಮೇಷ್ಟ್ರ ಕೈಗಿಟ್ಟಳು.

ಅವರು ಎರಡು ಸಲ ಓದಿದರು. ಪೆನ್ಸಿಲ್ ಮುಟ್ಟಲಿಲ್ಲ.

“ಅಂದ್ರೆ ನಮ್ಮನ್ನ ಬಿಟ್ಟು ಹೋಗ್ತಿದ್ದೀಯ.”

“ಹೌದು ಮೇಷ್ಟ್ರೇ, ಬಿಟ್ಟು ಹೋಗ್ತಿದ್ದೀನಿ. ಜನ ಏನಂದ್ಕೋತಾರೋ ಅನ್ನೋದೊಂದೇ ಚಿಂತೆ.”

“ಜನಕ್ಕೆ ನಾನು ತಿಳಿಸ್ತೀನಿ ಬಿಡು. ನಿನ್ನ ಬಗ್ಗೆ ಯಾರೂ ಒಂದು ಕೆಟ್ಟ ಮಾತಾಡಬಾರದು, ಹಾಗೆ ತಿಳಿಸ್ತೀನಿ. ನಿಂದೊಂದು ಫೋಟೋ ಕೊಡು.”

ನೀಲಿ ಅಂಗಿ ಹಾಕಿಕೊಂಡು ತೆಗೆಸಿದ್ದ ಒಳ್ಳೆ ಫೋಟೋ ಕೊಟ್ಟಳು. ಮೇಷ್ಟ್ರು ತಲೆ ಸವರಿ ಹೋದರು. ಇಷ್ಟು ಸಲೀಸು ಅಂತ ಗೊತ್ತಿದ್ದರೆ ಹೋದ ವರ್ಷವೇ ಬಿಡುತ್ತಿದ್ದೆನಲ್ಲ ಅನ್ನಿಸಿ ಅವಳಿಗೆ ತನ್ನ ಮೇಲೇ ನಗು ಬಂತು.

ಸೋಮವಾರ ಬೆಳಿಗ್ಗೆ ಬ್ರೆಡ್ ತರಲು ಹೊರಟವಳು ಚೌಕದ ಮೊದಲ ಮರದ ಹತ್ತಿರ ನಿಂತುಬಿಟ್ಟಳು. ಕಪ್ಪಂಚಿನ ಹಾಳೆಯಲ್ಲಿ ನೀಲಿ ಅಂಗಿಯ ಫೋಟೋ ಇತ್ತು. ಕೆಳಗೆ, ‘ಮಾತಿಗೆ ತಪ್ಪದವರು, ಒಂದು ದಿನವೂ ಕೆಲಸ ತಡ ಮಾಡದವರು, ನಮ್ಮೆಲ್ಲರ ನೆವ್ಯಾನಾ ನಮ್ಮನ್ನು ಬಿಟ್ಟು ಹೋದರು.’ ಕೆಲಸ ಬಿಟ್ಟವರಿಗೂ ಅದೇ ಮಾತು, ಲೋಕ ಬಿಟ್ಟವರಿಗೂ ಅದೇ ಮಾತು. ವಾರಕ್ಕೆ ಇಪ್ಪತ್ತು ಸಲ ತಾನೇ ಕೂರಿಸುವ ಸಾಲು, ಮೇಷ್ಟ್ರಿಗೆ ಹೌದು ಅನ್ನುವಾಗ ಹೊಳೆಯಬಾರದೇ ಪುಣ್ಯಾತ್ಗಿತ್ತಿಗೆ! ಇಡೀ ಹಾಳೆಯಲ್ಲಿ ಒಂದಾದರೂ ಸುಳ್ಳಿದೆಯಾ ಅಂತ ಹುಡುಕಿದಳು. ಇರಲಿಲ್ಲ.

ಬ್ರೆಡ್ಡಿನ ಚೀಲ ಹಿಡಿದ ಇಬ್ಬರು ಹೆಂಗಸರು ಬಂದು ಪಕ್ಕದಲ್ಲೇ ನಿಂತು ಓದಿದರು. ಎಂಥ ಹುಡುಗಿ, ಯಾರ ಬಾಯಲ್ಲೂ ಅವಳ ಬಗ್ಗೆ ಒಂದು ಹಗುರ ಮಾತು ಕೇಳಿಲ್ಲ ಅಂತ ಒಬ್ಬಳು ಕಣ್ಣೊರೆಸಿಕೊಂಡಳು. ಅದನ್ನು ಕೇಳಿ ನೆವ್ಯಾನಾಳಿಗೆ ಒಂದು ಕ್ಷಣ ಹಿತವೇ ಆಯಿತು. ನಾನಿಲ್ಲೇ ಇದ್ದೀನಲ್ಲ ಅಂದಳು. ಯಾರೂ ತಿರುಗಲಿಲ್ಲ. ಇನ್ನೂ ಜೋರಾಗಿ ಅಂದಳು. ಕಣ್ಣೊರೆಸಿಕೊಂಡವಳು ಶಾಲು ಎಳೆದುಕೊಂಡು, ಯಾಕೋ ಚಳಿ, ಹೋಗೋಣ ನಡಿ ಅಂದಳು.

ನೆವ್ಯಾನಾ ಅಲ್ಲಿ ನಿಲ್ಲಲಿಲ್ಲ. ಕಾಫಿ ಅಂಗಡಿಗೆ ಓಡಿದಳು. ಮೇಷ್ಟ್ರು ತಮ್ಮ ಎಂದಿನ ಜಾಗದಲ್ಲಿದ್ದರು. ಎದುರಿಗೆ ಬಿಸೆರಾ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಳು. ಬಿಸೆರಾ ತಲೆ ಎತ್ತಲಿಲ್ಲ. ಮೇಷ್ಟ್ರು ಮಾತ್ರ ಎತ್ತಿದರು, ನೇರವಾಗಿ ಇವಳನ್ನೇ ನೋಡಿದರು.

“ಬಂದ್ಯಾ? ಕೂತ್ಕೋ. ಹೇಗಿದೆ ಹೇಳು, ಸಂಕೋಚ ಬೇಡ.”

“‘ಬಿಟ್ಟು ಹೋದರು’ ಅನ್ನೋ ಮಾತು ತಪ್ಪು ಮೇಷ್ಟ್ರೇ,” ಅಂದಳು ನೆವ್ಯಾನಾ. “ದಮ್ಮಯ್ಯ, ಅದೊಂದನ್ನ ತೆಗೆಸಿ.”

ಮೇಷ್ಟ್ರು ತಲೆಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಬಿಸೆರಾಳ ಕಡೆ ತಿರುಗಿದರು.

“ಬರ್ಕೋಮ್ಮ, ಮೊದಲನೇ ತಿದ್ದುಪಡಿ. ನೆವ್ಯಾನಾ ಒಪ್ತಾ ಇಲ್ಲ.”