ಶವಾಸನದ ಹೊತ್ತು

ಎಲ್ಲರೂ ಚಾಪೆ ಸುತ್ತಿಕೊಂಡು ಹೊರಟರೂ ಜಲಜಾ ಶವಾಸನದಿಂದ ಏಳಲಿಲ್ಲ. ಮೈಯೆಲ್ಲ ನೆಲಕ್ಕೆ ಅಂಟಿಕೊಂಡಂತಿತ್ತು. ಯೋಗದ ಟೀಚರ್ ಪಕ್ಕದಲ್ಲಿ ಬಂದು ಕೂತು ಅವಳ ಬೆರಳುಗಳನ್ನು ಮೆಲ್ಲಗೆ ಮಡಚಿ ನೋಡಿದರು. ಸಂಧಿವಾತದಿಂದ ಲೋಟ ಹಿಡಿಯಲೂ ಆಗದಿದ್ದ ಕೈ ಈಗ ಸಲೀಸಾಗಿ ಮುಷ್ಟಿ ಕಟ್ಟಿತು.

"ಊತ ಇಳಿದಿದೆ. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ. ಆಸನಗಳನ್ನ ಇನ್ನು ಮನೇಲೇ ಮಾಡಿಕೋಬಹುದು."

ಜಲಜಾ ದಡಬಡಿಸಿ ಎದ್ದು ಕೂತಳು. "ಹಾಗನ್ನಬೇಡಿ ಮೇಡಂ. ಇನ್ನೂ ಬರಬೇಕು ಅನ್ನಿ."

"ಯಾಕೆ?"

"ಮನೆ ತುಂಬ ಜನ. ಬೆಳಗ್ಗೆ ಹಚ್ಚಿದ ಒಲೆ ರಾತ್ರಿಯವರೆಗೆ ಆರಲ್ಲ. ಯಾರೂ ಕೂಗದೆ ನಾನು ಬೆನ್ನು ಚಾಚೋದು ಇಲ್ಲಿ ಮಾತ್ರ." ಅವಳ ದನಿ ಕುಗ್ಗಿತು. "ನಾನು ಇಲ್ಲಿರೋವಾಗ ಅಡುಗೆಮನೆ ಅತ್ತೆ ನೋಡ್ಕೋತಾರೆ. ಅವರು ಗಟ್ಟಿ ಜೀವ, ಒಂದಿನ ತಲೆನೋವು ಅಂದವರಲ್ಲ. ನನಗೆ ವಾಸಿಯಾಗಿದೆ ಅಂತ ಗೊತ್ತಾದರೆ ಕಳಿಸ್ತಾರಾ?"

ಟೀಚರ್, "ನಿನ್ನೆ ನಿಮ್ಮತ್ತೆ ಬಂದಿದ್ದರು," ಎಂದರು.

"ನನ್ನನ್ನ ಬಿಡಿಸೋಕಾ?"

"ಅಲ್ಲ, ತಾವೂ ಸೇರೋಕೆ. ಮಂಡಿನೋವು ಅಂದರು. ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಬಾಗಿಲವರೆಗೆ ಹೋದವರು ತಿರುಗಿ ಬಂದು ನನ್ನ ಕೈ ಹಿಡಕೊಂಡರು. 'ನೋವೇನೂ ಇಲ್ಲ ತಾಯಿ, ಒಂದಿಷ್ಟು ಹೊತ್ತು ಮಲಗೋಕೆ ಜಾಗ ಕೊಡು' ಅಂದರು."