ಗಾಳಿಸಾಹೇಬರ ಸೈರನ್

ಸೈರನ್ ಕೂಗಿದಾಗ ಬ್ರೆಡ್ಡು ಅರ್ಧ ಬೆಂದಿತ್ತು.

ಬೇಕರಿಯವನು ಬೈದುಕೊಳ್ಳುತ್ತ ಭಟ್ಟಿಯ ಬುಡದಿಂದ ಕೊಳ್ಳಿಗಳನ್ನು ಹೊರಗೆಳೆದು ನೀರು ಸುರಿದ. ಅವನ ಹೆಂಡತಿ ಗೋಡೆಯ ಫ್ಯಾನು ಆರಿಸಿ ತಟ್ಟೆಗಳನ್ನು ಈಚೆ ತೆಗೆದಳು. ಮೇಲೆ ನಸುಗೆಂಪು, ಒಳಗೆ ಹಸಿ ಹಿಟ್ಟು. ಇಪ್ಪತ್ತೆರಡು ದಿನಗಳಿಂದ ಇದೇ ಗೋಳು.

ಕಾನೂನು ಸರಳವಾಗಿತ್ತು. ನೆಲದ ಕಡೆಯಿಂದ ಸಮುದ್ರದ ಕಡೆಗೆ ಬಿಸಿಯಾದ ಒಣಗಾಳಿ ಜೋರಾಗಿ ಬೀಸಿದರೆ ಅದು ಬೆಂಕಿಗಾಳಿ. ಸೈರನ್ ಒಮ್ಮೆ ಕೂಗಿತೆಂದರೆ ಮರುದಿನ ಬೆಳಗಿನವರೆಗೆ ಊರಿನಲ್ಲಿ ಯಾರೂ ಕಡ್ಡಿ ಗೀರುವಂತಿಲ್ಲ. ಮೂರು ವರ್ಷದ ಹಿಂದೆ ಅಂಥ ಗಾಳಿಗೆ ಒಂದೇ ಒಂದು ಕಿಡಿ ಸಿಕ್ಕಿ, ಗುಡ್ಡದ ಒಣಹುಲ್ಲಿನ ಜೊತೆಗೆ ಹನ್ನೆರಡು ಮನೆಗಳು ಬೂದಿಯಾಗಿದ್ದವು. ಹಾಗಾಗಿ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಇಸ್ತ್ರಿಯವನು ಕೆಂಡ ಆರಿಸಿ ಕೂತಿದ್ದ. ಬ್ಯಾಂಕಿನ ಮ್ಯಾನೇಜರ್ ಸಹಿತ ಊರಿಗೆ ಊರೇ ಸುಕ್ಕುಬಟ್ಟೆಯಲ್ಲಿ ಓಡಾಡುತ್ತಿತ್ತು. ಅಂಚೆಯವನು ಹಚ್ಚದ ಸಿಗರೇಟನ್ನು ಬಾಯಲ್ಲಿಟ್ಟುಕೊಂಡೇ ಕಾಗದ ಹಂಚುತ್ತಿದ್ದ. ವಾರವಿಡೀ ಅದೇ ಸಿಗರೇಟು. ಜನ ಸೌತೆಕಾಯಿ ತಿಂದು ದಿನ ದೂಡುತ್ತಿದ್ದರು.

ಸೈರನ್ನಿನ ಗುಂಡಿ ಇದ್ದದ್ದು ಬೇಕರಿಯ ಮೇಲಿನ ಮಹಡಿಯಲ್ಲಿ, ಹವಾಮಾನ ಕಚೇರಿಯಲ್ಲಿ. ತಿಂಗಳ ಹಿಂದೆ ಅಲ್ಲಿಗೆ ವರ್ಗವಾಗಿ ಬಂದ ಅಧಿಕಾರಿಗೆ ಊರವರು ಗಾಳಿಸಾಹೇಬರು ಎಂದು ಹೆಸರಿಟ್ಟಿದ್ದರು.

"ಬಂದ ವಾರವೇ ತಕರಾರು ತೆಗೆದ ಮನುಷ್ಯ ಅದು," ಎಂದ ಬೇಕರಿಯವನು. "ಕೆಳಗಿನ ಸೆಕೆಗೆ ನೆಲ ಕಾಯ್ತದೆ, ಕಾಲಿಡೋಕಾಗಲ್ಲ ಅಂದ್ರು. ಮರುಮಾತಾಡದೆ ದೊಡ್ಡ ಫ್ಯಾನು, ಕೊಳವೆ ಎಲ್ಲ ಹಾಕಿಸ್ದೆ. ಆದ್ರೂ ಸಮಾಧಾನ ಇಲ್ಲ. ನಮ್ಮನ್ನ ಇಲ್ಲಿಂದ ಎಬ್ಬಿಸ್ಬೇಕು, ಅಷ್ಟೆ."

"ಗಾಳಿ ಬೀಸಿದ್ರೆ ಅವರಾದ್ರೂ ಏನ್ರೀ ಮಾಡ್ತಾರೆ?" ಎಂದಳು ಹೆಂಡತಿ.

"ಎಲ್ಲಿ ಬೀಸ್ತಿದೆ? ಒಂದು ಎಲೆ ಅಲ್ಲಾಡಲ್ಲ. ನಾವು ಬ್ರೆಡ್ಡು ಒಳಗಿಟ್ಟ ಹತ್ತು ನಿಮಿಷಕ್ಕೆ ಸರಿಯಾಗಿ ಸೈರನ್. ಭಾನುವಾರ ನಮಗೆ ರಜ, ಅವತ್ತು ಸೈರನ್ ಇಲ್ಲ. ಗಾಳಿಗೂ ಭಾನುವಾರ ರಜಾನಾ?"

ಅವಳು ಹಸಿ ಬ್ರೆಡ್ಡನ್ನು ಬುಟ್ಟಿಗೆ ಸುರಿದಳು.

ಮಧ್ಯಾಹ್ನ ಆಸ್ಪತ್ರೆಯ ಅಡುಗೆಮನೆಯಿಂದ ಫೋನು ಬಂತು. ನಾಳೆ ಒಂಬತ್ತರೊಳಗೆ ಸರಿಯಾಗಿ ಬೆಂದ ಬ್ರೆಡ್ಡು ಬರದಿದ್ದರೆ ಪಕ್ಕದೂರಿನ ಬೇಕರಿಗೆ ಹೇಳುತ್ತಾರಂತೆ. ಪಕ್ಕದೂರಿನಲ್ಲಿ ಬೆಂಕಿಗಾಳಿಯ ಸುದ್ದಿಯೇ ಇರಲಿಲ್ಲ. ದಿನಾ ಬ್ರೆಡ್ಡು ಕೊಳ್ಳುವ ಆಸ್ಪತ್ರೆಯೂ ಕೈಬಿಟ್ಟರೆ ಬೇಕರಿಗೆ ಬೀಗ ಜಡಿಯುವುದೇ ಸರಿ. ಆ ಭಟ್ಟಿ ಹೆಂಡತಿಯ ಅಪ್ಪ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದು. ಅವಳು ಮುಂಗೈಗೆ ಅಂಟಿದ ಹಿಟ್ಟನ್ನು ಉಜ್ಜುತ್ತ ಭಟ್ಟಿಯ ಇಟ್ಟಿಗೆಗಳನ್ನೇ ನೋಡಿದಳು. ಬೈದಿದ್ದರೂ ಅವನಿಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

"ನಾಳೆ ನೀನು ಎಂದಿನಂತೆ ಭಟ್ಟಿ ಹಚ್ಚು," ಎಂದ. "ನಾನು ಮೇಲೆ ಅವರ ಎದುರಿಗೇ ಕೂತಿರ್ತೀನಿ. ಹೆಂಗೆ ಗಾಳಿ ಹುಟ್ಟಿಸ್ತಾರೋ ನೋಡೇಬಿಡೋಣ. ಸೈರನ್ ಕೂಗಿದ್ರೂ ನಾನು ಬಂದು ಹೇಳೋ ತನಕ ಆರಿಸ್ಬೇಡ."

ಮರುದಿನ ಬೆಳಿಗ್ಗೆ ಗಾಳಿಸಾಹೇಬರು ಅವನಿಗೆ ಕುರ್ಚಿ ಎಳೆದು ಕೊಟ್ಟರು. ಸುಕ್ಕು ಅಂಗಿ, ನಿದ್ದೆಗೆಟ್ಟ ಕಣ್ಣು.

"ಕಾಫಿ ಕೊಡೋಣ ಅಂದ್ರೆ ಒಲೆ ಹಚ್ಚೋಕೆ ಧೈರ್ಯ ಇಲ್ಲ," ಎಂದರು.

ಮೇಜಿನ ಮೇಲೆ ಗಡಿಯಾರದಂಥ ಎರಡು ಮಾಪಕಗಳಿದ್ದವು. ಒಂದು ಗಾಳಿಯ ವೇಗಕ್ಕೆ, ಇನ್ನೊಂದು ತೇವಕ್ಕೆ. ತಾರಸಿಯ ಮೇಲಿದ್ದ ಯಂತ್ರದಿಂದ ತಂತಿ ಇಳಿದು ಬಂದಿತ್ತು. ಗಾಳಿಯ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

"ಗಾಳಿ ಇಲ್ಲ," ಎಂದ ಬೇಕರಿಯವನು.

"ಇಲ್ಲ. ಆದ್ರೆ ಬರುತ್ತೆ. ನನ್ನ ಇಡೀ ಸರ್ವೀಸಲ್ಲಿ ಇಂಥ ಗಾಳಿ ಕಂಡಿಲ್ಲ. ಮೋಡ ಕೇಳಲ್ಲ, ಋತು ಕೇಳಲ್ಲ. ಆಫೀಸಿಗೆ ಬರೋರ ಥರ ಟೈಮಿಗೆ ಬರುತ್ತೆ."

"ಹಾಗಾದ್ರೆ ಕಾಯೋಣ. ನಿಮ್ಮ ಕೈ ಮಾತ್ರ ನನಗೆ ಕಾಣ್ತಿರ್ಲಿ, ಸಾರ್."

ಅವರು ಶಾಲೆಯ ಹುಡುಗನಂತೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಬೇಕರಿಯವನು ಮೀಸೆಯಲ್ಲೇ ನಕ್ಕ. ಇವತ್ತು ಕಳ್ಳ ಸಿಕ್ಕಿಬಿದ್ದ ಎಂದುಕೊಂಡ.

ಏಳೂ ಇಪ್ಪತ್ತಕ್ಕೆ ಮುಳ್ಳು ನಡುಗಿತು. ಹತ್ತು. ಇಪ್ಪತ್ತೈದು. ನಲವತ್ತು ದಾಟಿತು. ತೇವದ ಮುಳ್ಳು ಸರ್ರನೆ ಕೆಳಗಿಳಿಯಿತು. ಗಾಳಿಸಾಹೇಬರ ಕೈಗಳು ಇದ್ದಲ್ಲೇ ಇದ್ದವು.

ಬೇಕರಿಯವನು ಕುರ್ಚಿಯಿಂದ ಎದ್ದ. ನಿಜವಾಗಿಯೂ ಬೆಂಕಿಗಾಳಿ. ಒಬ್ಬ ಒಳ್ಳೆಯ ಮನುಷ್ಯನನ್ನು ಮೂರು ವಾರ ಬಾಯಿಗೆ ಬಂದಂತೆ ಬೈದಿದ್ದ. ಅದೂ ಸಾಲದೆ, ಕೆಳಗೆ ಇವನ ಮಾತು ಕೇಳಿ ಹೆಂಡತಿ ಕೊಳ್ಳಿ ಉರಿಸುತ್ತ ಕೂತಿದ್ದಾಳೆ. ಆಸ್ಪತ್ರೆ ಹೋಯಿತು, ಮಾವನ ಭಟ್ಟಿ ಹೋಯಿತು. ಆದರೂ ಹನ್ನೆರಡು ಮನೆಗಳ ಬೂದಿ ಕಣ್ಣ ಮುಂದೆ ಬಂತು.

"ತಪ್ಪಾಯ್ತು, ಸಾರ್. ಒತ್ತಿಬಿಡಿ," ಎಂದ.

"ಗುಡ್ಡದ ಕಡೆ ಹೊಗೆ ಎದ್ದಿದೆಯಾ, ಸ್ವಲ್ಪ ಮೇಲೆ ಹತ್ತಿ ನೋಡ್ತೀರಾ?" ಎಂದರು ಗಾಳಿಸಾಹೇಬರು ಗುಂಡಿ ಒತ್ತುತ್ತ. "ನನ್ನ ಮಂಡಿಗೆ ಆ ಏಣಿ ಆಗಲ್ಲ. ಒಂದು ದಿನವೂ ಹತ್ತಿಲ್ಲ."

ಸೈರನ್ ಕೂಗುತ್ತಿರುವಾಗಲೇ ಅವನು ಎರಡೆರಡು ಮೆಟ್ಟಿಲು ಹಾರಿ ತಾರಸಿ ಸೇರಿದ. ಗುಡ್ಡ ತಣ್ಣಗೆ ಕೂತಿತ್ತು. ದೂರದ ದೋಣಿಗಳ ಬಾವುಟಗಳು ಜೋತುಬಿದ್ದಿದ್ದವು. ಪಕ್ಕದ ಮನೆಯವರು ಒಣಗಲು ಹಾಕಿದ್ದ ಸೀರೆಯ ಒಂದು ಮಡಿಕೆಯೂ ಮಿಸುಕುತ್ತಿರಲಿಲ್ಲ. ತಾರಸಿಯ ಹಿಂದಿನ ಮೂಲೆಯಲ್ಲಿ ಮಾತ್ರ ಗಾಳಿ ಅಳೆಯುವ ಯಂತ್ರದ ಬಟ್ಟಲುಗಳು ಎಣಿಸಲಾಗದಷ್ಟು ವೇಗವಾಗಿ ಗಿರಗಿರ ತಿರುಗುತ್ತಿದ್ದವು. ಅವನು ಹತ್ತಿರ ಹೋಗಿ ಅಂಗೈ ಒಡ್ಡಿದ. ಹೌದು, ಬಿಸಿಗಾಳಿ. ಒಣಗಾಳಿ. ನೆಲದ ಕಡೆಯಿಂದ ಸಮುದ್ರದ ಕಡೆಗೇ ಬೀಸುತ್ತಿತ್ತು. ಸೈರನ್ ನಿಂತು ಕಾಲು ಗಂಟೆಯಾದರೂ ಅವನು ಅಲ್ಲಿಂದ ಕದಲಲಿಲ್ಲ.

ಗೋಡೆಯಿಂದ ಮೇಲೆದ್ದ ಅವನದೇ ಫ್ಯಾನಿನ ಕೊಳವೆಯ ಬಾಯಿಂದ ಬರುತ್ತಿದ್ದ ಆ ಗಾಳಿಯಲ್ಲಿ, ಇಪ್ಪತ್ತೆರಡು ದಿನಗಳ ನಂತರ ಮೊದಲ ಸಲ, ಪೂರ್ತಿ ಬೆಂದ ಬ್ರೆಡ್ಡಿನ ಘಮವಿತ್ತು.